ಹುಣಸೆಹಣ್ಣಿನಲ್ಲಿ ತೊಳೆದ ಗಡಿಯಾರ

ಒಂಬತ್ತನೆಯ ಕಂತು

"ನಿಂತೇ ಹೋಗಿದೆಯಲ್ಲ ಮೇಡಂ, ಪಾಪ!" ಎಂದರು ಶಿವಶಂಕರ್.

ರಟ್ಟಿನ ಪೆಟ್ಟಿಗೆಯಿಂದ ಅವರು ಆ ಗಡಿಯಾರ ಎತ್ತಿದ್ದನ್ನು ನೋಡಬೇಕಿತ್ತು. ಬಾಣಂತಿಯ ಮಡಿಲಿನಿಂದ ಹಸುಗೂಸನ್ನು ಎತ್ತಿಕೊಳ್ಳುವವರೂ ಅಷ್ಟು ಜೋಪಾನ ಮಾಡುವುದಿಲ್ಲ. ಮೇಜಿನ ಮೇಲೆ ಮೆತ್ತನೆಯ ಬಟ್ಟೆ ಹಾಸಿ ಅದನ್ನಿಟ್ಟರು. ಹಿಂಬದಿಯ ಗಾಜಿನ ಬಾಗಿಲು ತೆರೆದರು. ಡ್ರಾಯರಿಗೆ ಕೈಹಾಕಿ, ಅಲ್ಲಿದ್ದ ಕೀಗಳ ರಾಶಿಯಿಂದ ಒಂದನ್ನು ತೆಗೆದು ನಿಧಾನವಾಗಿ ಕೀ ಕೊಟ್ಟರು. ಗಡಿಯಾರ ಟಿಕ್ ಟಿಕ್ ಎನ್ನತೊಡಗಿತು.

ಎದುರು ಕೂತಿದ್ದ ಸಬ್ ಇನ್ಸ್‌ಪೆಕ್ಟರ್ ತ್ರಿವೇಣಿಗೆ ಆ ಕೈಗಳ ಮೇಲೆಯೇ ಕಣ್ಣು. ಅಷ್ಟು ದೊಡ್ಡ ರಾಶಿಯಲ್ಲಿ ಯಾವ ಕೀ ಎಂದು ಮನುಷ್ಯ ಹುಡುಕಲೇ ಇಲ್ಲ. ಅನುಭವ ಇರಬಹುದು. ಅಥವಾ ಈ ಗಡಿಯಾರದ ಪರಿಚಯವೇ ಇರಬಹುದು. ಸದ್ಯಕ್ಕೆ ಅವಳು ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡಳು.

ಶ್ರೀನಿವಾಸಪುರದ ಮಾವಿನ ಮಂಡಿ ಕೋದಂಡರಾಮಪ್ಪ ತಮ್ಮ ಹಿತ್ತಲ ಮೆಟ್ಟಿಲ ಕೆಳಗೆ ಹೆಣವಾಗಿ ಸಿಕ್ಕ ಬೆಳಿಗ್ಗೆಯೇ ಅವರ ಮನೆಯ ಫ್ರೆಂಚ್ ಗಡಿಯಾರ ಮಾಯವಾಗಿತ್ತು. ಮುಳಬಾಗಿಲಿನ ಗಡಿಯಾರ ರಿಪೇರಿ ಖುದ್ದೂಸ್ ಸಾಹೇಬರ ಅಂಗಡಿ ಶೋಧಿಸಿದಾಗ ಕಾನ್‌ಸ್ಟೇಬಲ್ ಮುನೇಶ್ ಬೆಂಚಿನ ಕೆಳಗಿಂದ ಒಂದು ಗೋಣಿಚೀಲ ಎಳೆದ. ಒಳಗೆ ಇದೇ ಗಡಿಯಾರವಿತ್ತು. ಖುದ್ದೂಸರನ್ನು ಲಾಕಪ್ಪಿಗೆ ತಳ್ಳಿದವಳು ತ್ರಿವೇಣಿಯೇ.

ನಾಳೆ ಅವರನ್ನು ಮತ್ತೆ ಕೋರ್ಟಿಗೆ ಕರೆದೊಯ್ಯಬೇಕು. ಬರೀ ಕಳ್ಳತನವಾಗಿದ್ದರೆ ಹೇಗೋ ಬಿಡಿ, ನಾಳೆ ಕೊಲೆಯೂ ಅವರ ತಲೆಗೇ ಬರುತ್ತದೆ. ಕೋದಂಡರಾಮಪ್ಪನವರಿಗೂ ಅವರಿಗೂ ಹಳೇ ಜಗಳ ಇದ್ದದ್ದು ಊರಿಗೆಲ್ಲ ಗೊತ್ತು.

"ಅಬ್ಬಾ ಜಗಳಗಂಟ ಮೇಡಂ, ಕಳ್ಳ ಅಲ್ಲ," ಎಂದಿದ್ದಳು ಮಗಳು ಅಲ್ಫಿಯಾ. ದಿನಾ ಊಟದ ಡಬ್ಬಿ ಹಿಡಿದು ಠಾಣೆಯ ಮುಂದಿನ ಹೊಂಗೆ ಮರದಡಿ ಕೂರುತ್ತಿದ್ದಳು. ಇವತ್ತು ಬೆಳಿಗ್ಗೆ ಮಾತ್ರ ಯಾಕೋ ಬಂದಿರಲಿಲ್ಲ. ಸದ್ಯ, ಆ ಕಣ್ಣುಗಳನ್ನು ಎದುರಿಸುವುದು ತಪ್ಪಿತು ಎಂದು ತ್ರಿವೇಣಿ ಒಳಗೊಳಗೇ ನಿಟ್ಟುಸಿರು ಬಿಟ್ಟಿದ್ದಳು.

"ಮುಂಚೆ ಎಲ್ಲಾದ್ರೂ ನೋಡಿದ್ರಾ ಇದನ್ನ?" ಎಂದು ಕೇಳಿದಳು.

"ಎಲ್ಲಿಂದ ನೋಡ್ಲಿ ಮೇಡಂ? ಕೋದಂಡರಾಮಪ್ಪನವರ ಹೆಸರು ಕೇಳಿದ್ದೀನಿ ಅಷ್ಟೇ. ಅವರ ಮನೆ ಹೊಸಿಲು ತುಳಿದೋನಲ್ಲ ನಾನು."

ಮಾಲೂರಿನಿಂದ ಶಿವಾರಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಂಟಿ ಮನೆ ಅವರದು. ರಸ್ತೆಯಾಚೆ ಶಿಲ್ಪಿಗಳ ಶೆಡ್ಡು, ಬೆಳಗಿನಿಂದ ಸಂಜೆವರೆಗೂ ಉಳಿ ಸದ್ದು. ಅಲ್ಲಿನ ವಿಗ್ರಹಗಳನ್ನು ಪರದೇಶಕ್ಕೆ ಕಳಿಸುವುದು ಶಿವಶಂಕರರ ವ್ಯಾಪಾರ, ಹಳೇ ಗಡಿಯಾರ ಕೂಡಿಹಾಕುವುದು ಅವರ ಹುಚ್ಚು. ಗಡಿಯಾರ ಬಲ್ಲವರಿಗೆ ಒಮ್ಮೆ ತೋರಿಸೋಣವೆಂದೇ ತ್ರಿವೇಣಿ ಅದನ್ನು ಇಲ್ಲಿಗೆ ತಂದಿದ್ದಳು. ಹಜಾರದ ಮೂರು ಗೋಡೆಗೂ ಗಡಿಯಾರಗಳೇ, ಒಂದೂ ನಡೆಯುತ್ತಿರಲಿಲ್ಲ. ಸುಮ್ಮನೆ ಓಡಿಸಿದರೆ ಒಳಗಿನ ಚಕ್ರಗಳ ಹಲ್ಲು ಸವೆಯುತ್ತದಂತೆ.

ಬಂದಾಗ ಅವಳನ್ನು ಸ್ವಲ್ಪ ಹೊತ್ತು ಕಾಯಿಸಿದ್ದರು. ಆಮೇಲೆ ಒಳಕೋಣೆಯಿಂದ ಬೆರಳು ಒರೆಸಿಕೊಳ್ಳುತ್ತ ಬಂದಿದ್ದರು. ಜೀಪು ಓಡಿಸಿಕೊಂಡು ಬಂದಿದ್ದ ಮುನೇಶ್, ಅವಳು ಗೇಟಿನ ಹತ್ತಿರ ಫೋನಿನಲ್ಲಿದ್ದಾಗಲೇ, ನೀರು ಕುಡಿದು ಬರ್ತೀನಿ ಎಂದು ಚೀಲ ಹೆಗಲಿಗೇರಿಸಿ ಮನೆ ಹಿಂದಕ್ಕೆ ಹೋಗಿದ್ದ. ಎಲ್ಲಿ ಹೋದರೂ ಮೊದಲು ನೀರು ಕೇಳುವ ಆಸಾಮಿ ಅವನು.

"ಅಂಥಾದ್ದೇನಿದೆ ಸರ್ ಇದರಲ್ಲಿ?" ಎಂದಳು ತ್ರಿವೇಣಿ. "ಟೈಮ್ ನೋಡೋಕೆ ಎಲ್ಲರ ಕೈಲೂ ಫೋನಿದೆ."

ಶಿವಶಂಕರರಿಗೆ ಅಷ್ಟೇ ಸಾಕಾಯಿತು. ಕುರ್ಚಿ ಮುಂದಕ್ಕೆಳೆದುಕೊಂಡರು.

"ಮೇಲಿಂದ ನೋಡಿ. ಈ ಗಾಜಿನೊಳಗೆ ಒಂದು ಚಕ್ರ ಆ ಕಡೆ ಈ ಕಡೆ ಹೊರಳ್ತಾ ಇದೆ, ಕಾಣ್ತಾ? ಗೋಡೆ ಗಡಿಯಾರಕ್ಕೆ ಲೋಲಕ ಇರುತ್ತೆ, ಅಲುಗಾಡಿಸಿದ್ರೆ ಕೆಟ್ಟುಹೋಯ್ತು. ಇದಕ್ಕೆ ಆ ಚಕ್ರಾನೇ ಜೀವ. ಕುದುರೆಗಾಡೀಲಿ ಕಾಡು ಮೇಡು ಹತ್ತಿಸಿದ್ರೂ ನಡೀತಾನೇ ಇರುತ್ತೆ. ಅದಕ್ಕೇ ಮೇಲೆ ಎತ್ತೋಕೊಂದು ಹಿಡಿ. ಪ್ರಯಾಣಕ್ಕೆ ಅಂತಲೇ ಮಾಡಿದ ಗಡಿಯಾರ ಇದು. ಕ್ಯಾರೇಜ್ ಕ್ಲಾಕು."

ತ್ರಿವೇಣಿ ಬಗ್ಗಿ ನೋಡಿದಳು. ಅನುಮಾನದ ಗಂಟು ಕಟ್ಟಿಕೊಂಡು ಬಂದವಳಿಗೂ ಒಂದು ಕ್ಷಣ ಎಲ್ಲ ಮರೆತುಹೋಯಿತು. ಓರೆಯಾಗಿ ಕಡೆದ ಗಾಜಿನ ಅಂಚಿನಲ್ಲಿ ಬೆಳಕು ಮುರಿದು ಬೀಳುತ್ತಿತ್ತು. ಅದರಡಿ ಆ ಪುಟ್ಟ ಚಕ್ರ ಉಸಿರಾಡುತ್ತಿತ್ತು. ಹಾಲಿನಂಥ ಬಿಳಿ ಮುಖ, ಕಪ್ಪು ಅಂಕಿಗಳು, ಕೂದಲೆಳೆಯಷ್ಟು ತೆಳ್ಳಗಿನ ಮುಳ್ಳು. ಯಾರೋ ಪುಣ್ಯಾತ್ಮರು ಕಣ್ಣು ಕಳೆದುಕೊಂಡು ಮಾಡಿದ ಕೆಲಸ.

"ಇದರ ಹುಟ್ಟೂರು ಪ್ಯಾರಿಸ್ ಅಂತಾರೆ. ಅರ್ಧ ಸುಳ್ಳು. ಅಲ್ಲಿಂದ ದೂರ, ಸಮುದ್ರದ ಕಡೆ, ಸ್ಯಾಂ ನಿಕೊಲಾ ಅಂತ ಒಂದು ಹಳ್ಳಿ. ನಮ್ಮ ಶಿವಾರಪಟ್ಟಣದಲ್ಲಿ ಮನೆಮನೇಲೂ ಉಳಿ ಹಿಡೀತಾರಲ್ಲ, ಹಾಗೆ ಅಲ್ಲಿ ಮನೆಮನೇಲೂ ಗಡಿಯಾರದ ಕೆಲಸ. ಒಬ್ಬ ಚಕ್ರಕ್ಕೆ ಹಲ್ಲು ಕೊಯ್ದರೆ ಇನ್ನೊಬ್ಬ ಬರೀ ತಿರುಪು ಮಾಡೋನು. ಒರಟು ಯಂತ್ರ ಅಲ್ಲಿ. ಅದನ್ನ ಪ್ಯಾರಿಸ್‌ಗೆ ಕಳಿಸಿದ್ರೆ ನಯ ಮಾಡಿ, ಗಂಟೆಗೆ ದನಿ ಕೂರಿಸಿ, ಚಿನ್ನದ ನೀರು ಹಾಕೋರು."

"ಈ ಹೊಳಪು ಚಿನ್ನದ್ದಾ?"

"ಹಿತ್ತಾಳೆ ಮೇಲೆ ಚಿನ್ನ. ನೂರು ವರ್ಷದ ಮೇಲಾಯ್ತು, ಮೂಲೇಲೂ ಮಾಸಿಲ್ಲ ನೋಡಿ. ಇದನ್ನ ಒರೆಸಿದೋರು ಬರೀ ಒಣ ಬಟ್ಟೇಲಿ ಒರೆಸಿದ್ದಾರೆ. ಗೊತ್ತಿರೋ ಕೈ."

ತ್ರಿವೇಣಿಗೆ ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಇದೇ.

ಬೆಳಿಗ್ಗೆ ಅವಳು ಕೋದಂಡರಾಮಪ್ಪನವರ ಮನೆಗೆ ಹೋಗಿದ್ದಳು. ಸೂತಕ ಕಳೆಯುವ ದಿನ. ಅಲ್ಲಿಯವರೆಗೆ ದೇವರ ಗೂಡಿನ ಸಾಮಾನು ಯಾರೂ ಮುಟ್ಟಿರಲಿಲ್ಲ. ಮನೆಯೆಲ್ಲ ತೊಳೆದು, ಸೊಸೆ ಅನಿತ ಹಿತ್ತಲಲ್ಲಿ ಕೂತು ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ದೀಪ, ತಟ್ಟೆ, ಗಂಟೆ ಎಲ್ಲ ತಿಕ್ಕುತ್ತಿದ್ದಳು. ತೊಳೆದದ್ದು ಹಳೇ ಸೀರೆಯ ಮೇಲೆ ಬಿಸಿಲಿಗೆ ಒಣಗುತ್ತಿತ್ತು. ಒಂದು ಪಕ್ಕದಲ್ಲಿ ಕೆಂಪು ಚೌಕದ ಟವೆಲ್ಲು ಮುಚ್ಚಿದ ಏನೋ ಇತ್ತು.

ತ್ರಿವೇಣಿಗೆ ಕಾಫಿ ಕೊಟ್ಟು, ಕೋದಂಡರಾಮಪ್ಪನವರ ಹೆಂಡತಿ ಮುನಿಗಂಗಮ್ಮ ಗಡಿಯಾರ ನೆನೆಸಿಕೊಂಡು ಕಣ್ಣೊರೆಸಿಕೊಂಡರು.

"ನಮ್ಮ ಮಾವನೋರಿಗೆ ಚಿನ್ನದ ಗಣಿಯ ಬಿಳಿ ದೊರೆ ಕೊಟ್ಟಿದ್ದಮ್ಮಾ. ದೇವರ ಗೂಡಲ್ಲೇ ಇಟ್ಕೊಂಡಿದ್ವಿ. ಸಕ್ಕರೆ ಕಾಯಿಲೇಲಿ ನಮ್ಮ ಯಜಮಾನ್ರ ಕಣ್ಣು ಹೋದ್ಮೇಲೆ ಅದೇ ಕಣ್ಣು. ಗೂಡಿನ ಪಕ್ಕದಲ್ಲೇ ಹಾಸಿಗೆ, ಮಲಗಿದ ಕಡೆಯಿಂದ ಕೈ ಚಾಚಿ ಮೇಲಿನ ಗುಂಡಿ ಒತ್ತೋರು. ಎಷ್ಟು ಗಂಟೆ, ಅದರ ಮೇಲೆ ಎಷ್ಟು ಕಾಲು, ಎಲ್ಲಾ ಬಡಿದು ಹೇಳೋದು. ಹಬ್ಬ ಬಂದ್ರೆ ದೇವರ ಸಾಮಾನಿನ ಜತೇಲೇ ಹುಣಸೆಹಣ್ಣು ಹಾಕಿ ತಿಕ್ಕೋದು. ನಮ್ಮತ್ತೆ ತಿಕ್ಕಿದ್ರು, ನಾನು ತಿಕ್ಕಿದೆ, ಈಗ ಇವಳು. ತಳತಳ ಅಂತಿತ್ತು ನೋಡಮ್ಮಾ..."

"ಅತ್ತೇ, ಬಿಸಿಲಾಯ್ತು, ಒಳಗೆ ನಡೀರಿ," ಎಂದು ಅನಿತ ನಡುವೆ ಬಾಯಿ ಹಾಕಿ, ಒಣಗುತ್ತಿದ್ದ ಸಾಮಾನನ್ನು ಗೋಡೆಯ ನೆರಳಿಗೆ ಎಳೆದಳು. ಅಷ್ಟರಲ್ಲಿ ಮುನೇಶ್ ಬಂದು ಜೀಪಿಗೆ ನೀರು ಬೇಕು ಎಂದು ಕೊಡ ಕೇಳಿದ. ತ್ರಿವೇಣಿ ಮುನಿಗಂಗಮ್ಮನವರ ಹಿಂದೆ ಒಳಗೆ ಹೋದಳು.

ಮೂರು ತಲೆಮಾರು ಇಟ್ಟಿಗೆ ಪುಡಿ ತಿಂದ ಗಡಿಯಾರದ ಮೇಲೆ ಚಿನ್ನದ ನೀರು ಉಳಿಯುತ್ತದೆಯೇ? ತ್ರಿವೇಣಿಯ ಅಮ್ಮನೂ ಮದುವೆಯಲ್ಲಿ ಕೊಟ್ಟ ಚಿನ್ನದ ನೀರಿನ ದೀಪವನ್ನು ಹೀಗೇ ಎರಡು ಹಬ್ಬಕ್ಕೆ ಹಿತ್ತಾಳೆ ಮಾಡಿ, ಈಗ ಎಷ್ಟು ಚೆನ್ನಾಗಿ ಬೆಳಗ್ತಿದೆ ನೋಡು ಎಂದಿದ್ದಳು.

ಹಾಗಾದರೆ ಗೋಣಿಚೀಲದಲ್ಲಿ ಸಿಕ್ಕಿದ್ದು ಬೇರೆ ಗಡಿಯಾರ. ಕೋದಂಡರಾಮಪ್ಪನವರ ಮಗ ಶಿವಕುಮಾರ್ ಠಾಣೆಗೆ ಬಂದು ದೂರದಿಂದಲೇ ನೋಡಿ, ಹೂಂ ನಮ್ದೇ ಎಂದು ಸಹಿ ಹಾಕಿ ಮಂಡಿಗೆ ಓಡಿದ್ದ. ಹುಟ್ಟಿದಾಗಿನಿಂದ ಒಮ್ಮೆಯೂ ಅದನ್ನು ತೊಳೆದವನಲ್ಲ. ತೊಳೆಯುವ ಕೈ ಅನಿತಳದು, ಅವಳನ್ನು ಯಾರೂ ಕೇಳಿರಲಿಲ್ಲ. ತಾನೂ ಕೇಳಲಿಲ್ಲವಲ್ಲ ಎಂದು ತ್ರಿವೇಣಿಗೆ ಈಗ ನಾಚಿಕೆಯಾಗಿತ್ತು.

ಅವಳು ಗಡಿಯಾರದ ನೆತ್ತಿಯ ಗುಂಡಿ ಒತ್ತಿದಳು. ಒಳಗಿನ ಸುರುಳಿ ತಂತಿಯ ಮೇಲೆ ಗಂಟೆ ಮಾತ್ರ ಬಡಿಯಿತು.

"ಕಾಲು ಗಂಟೆ ಹೇಳಲ್ವಾ ಇದು?"

"ಇಲ್ಲ, ಇದು ಸಾದಾ. ಕಾಲುಕಾಲಿಗೂ ತಾನಾಗೇ ಹೊಡೆಯೋದು ಬೇರೆ ಜಾತಿ, ಬಲು ಅಪರೂಪ. ಅದಕ್ಕೆ ತಳದಲ್ಲಿ ಒಂದು ಪುಟ್ಟ ಲಿವರ್ ಇರುತ್ತೆ, ಸರಿಸಿದ್ರೆ ಬಾಯಿ ಮುಚ್ಕೊಳ್ಳುತ್ತೆ." ಶಿವಶಂಕರ್ ನಕ್ಕರು. "ಗಂಟೆ ಬಾಯಿ ಮುಚ್ಚಿಸಬಹುದು ಮೇಡಂ, ಟಿಕ್ ಟಿಕ್ ನಿಲ್ಲಿಸೋಕಾಗಲ್ಲ."

ತ್ರಿವೇಣಿ ದನಿ ಬದಲಿಸಿದಳು. ಮೆಚ್ಚಿಕೊಂಡವಳಂತೆ ತಲೆದೂಗಿದಳು.

"ನಿಮ್ಮಂಥೋರ ಕೈಲಿ ಇರ್ಬೇಕಾದ್ದು ಸರ್ ಇವೆಲ್ಲ. ಹಳ್ಳಿ ಮನೇಲಿ ಬಿದ್ದಿದ್ರೆ ಏನು ಪ್ರಯೋಜನ?"

"ಹೊಟ್ಟೆ ಉರಿಯುತ್ತೆ ಮೇಡಂ!" ಶಿವಶಂಕರರ ಮುಖ ಕೆಂಪಾಯಿತು. "ಪ್ಯಾರಿಸ್‌ನಲ್ಲಿ ಯಾವನೋ ತಿಂಗಳುಗಟ್ಟಲೆ ಕೂತು ಮಾಡಿದ್ದು. ಅದನ್ನ ತಗೊಂಡು ಇವರು ದೇವರ ಗೂಡಲ್ಲಿಟ್ಟು, ಕುಂಕುಮ ಮೆತ್ತಿ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ಒಂದು ಚುಕ್ಕಿ ಚಿನ್ನ ಉಳಿಸಿಲ್ಲ. ಕೆತ್ತಿದ ಬಳ್ಳೀನೆಲ್ಲ ಸವೆಸಿಬಿಟ್ಟಿದ್ದಾರೆ. ನೋಡಿದ್ರೆ ಕಣ್ಣಲ್ಲಿ ನೀರು..."

ಅವರು ಥಟ್ಟನೆ ನಿಲ್ಲಿಸಿದರು.

ತ್ರಿವೇಣಿ ಮೇಜಿನ ಮೇಲಿನ ಗಡಿಯಾರವನ್ನು ಬೆರಳಿನಿಂದ ಅವರ ಕಡೆ ತಿರುಗಿಸಿದಳು.

"ಯಾವುದರಲ್ಲಿ ಉಳಿದಿಲ್ಲ ಸರ್? ಇದರಲ್ಲಿ ಮೂಲೇಲೂ ಮಾಸಿಲ್ಲ ಅಂದ್ರಿ ಈಗ ತಾನೇ."

"ಅಂದ್ರೆ... ಸಾಮಾನ್ಯವಾಗಿ ಹೇಳಿದೆ."

"ದೇವರ ಗೂಡಲ್ಲಿತ್ತು ಅಂತ ನಾನು ಹೇಳಿಲ್ಲ. ಹೊಸಿಲು ತುಳಿದಿಲ್ಲ ಅಂತ ನೀವೇ ಹೇಳಿದ್ದು."

"ಹಳ್ಳೀಲಿ ಎಲ್ಲರೂ ಹಂಗೇ ಅಲ್ವಾ ಮೇಡಂ ಇಡೋದು?"

"ಬಳ್ಳಿ ಕೆತ್ತನೆ ಸವೆದಿರೋದೂ ಎಲ್ಲರ ಮನೇಲೂ ಹಂಗೇನಾ?"

ಶಿವಶಂಕರರ ಹಣೆಯ ಮೇಲೆ ಬೆವರು ಮೂಡಿತು. ಕೈಲಿದ್ದ ಕೀಯನ್ನು ಡ್ರಾಯರಿಗೆ ಹಾಕಿ ಮುಚ್ಚಿದರು. ಅವರು ಬಾಯಿ ತೆರೆದರು. ಅವರಿಗಿಂತ ಮೊದಲು ಒಳಕೋಣೆ ಮಾತಾಡಿತು.

ಟಿಣ್-ಟಣ್.

ಒಂದು ಜೋಡಿ ಸದ್ದು, ಕಾಲು ಗಂಟೆಗೆ. ಅದರ ಹಿಂದೆಯೇ ನಿಧಾನವಾಗಿ ಎರಡು ಗಂಟೆ.

ಸತ್ತ ಗಡಿಯಾರಗಳ ಆ ಮನೆಯಲ್ಲಿ, ಮೇಜಿನ ಮೇಲಿನದನ್ನು ಬಿಟ್ಟರೆ, ಜೀವ ಇದ್ದದ್ದು ಒಂದಕ್ಕೇ. ಕಾಲನ್ನೂ ಹೇಳುತ್ತಿತ್ತು, ಗಂಟೆಯನ್ನೂ ಹೇಳುತ್ತಿತ್ತು. ಕಣ್ಣಿಲ್ಲದ ಯಜಮಾನನ ಕಣ್ಣು ಅದು.

"ಮೇಡಂ, ವಾರಂಟ್ ಇಲ್ದೆ ಒಳಗೆ..." ಎನ್ನುತ್ತಿದ್ದರು ಶಿವಶಂಕರ್. ತ್ರಿವೇಣಿ ಆಗಲೇ ಪರದೆ ಸರಿಸಿದ್ದಳು.

ಕಿಟಕಿಯ ಕಟ್ಟೆಯ ಮೇಲೆ ಗಡಿಯಾರ ನಿಂತಿತ್ತು. ಚಿನ್ನದ ಸುಳಿವಿಲ್ಲದ ಹಳದಿ ಹಿತ್ತಾಳೆ, ಅಡಿಗೆಮನೆಯ ಚೊಂಬಿನಂತೆ ಬೆಳಗುತ್ತಿತ್ತು. ಹಿಡಿಯ ಸಂದಿಯಲ್ಲಿ ಕುಂಕುಮದ ಕಲೆ. ಅಡಿಯಲ್ಲಿ ಮಡಿಸಿ ಹಾಸಿದ್ದು ಕೆಂಪು ಚೌಕದ ಟವೆಲ್ಲು.

ಅವಳು ಎರಡು ಕೈಯಿಂದ ಎತ್ತಿಕೊಂಡಳು. ಮೂಗಿಗೆ ಹುಳಿ ವಾಸನೆ ಬಡಿಯಿತು. ಮೂಲೆಗಂಬದ ಬುಡದ ಸಂದಿಗೆ ಉಗುರು ಹಾಕಿ ಗೀರಿದಳು. ಕಂದು ಬಣ್ಣದ ಹುಣಸೆ ರಸ ಉಗುರಿಗೆ ಅಂಟಿಕೊಂಡು ಬಂತು.

"ಇದು ನಿಮ್ಮ ಹತ್ರ ಯಾವಾಗ ಬಂತು?"

"ನಾನು ಕದ್ದಿಲ್ಲ ಮೇಡಂ, ದೇವರಾಣೆ. ಕೊಂಡಿದ್ದು."

"ಯಾವಾಗ?"

"ಹೋದ... ಹೋದ ವಾರ."

"ಹೋದ ವಾರ ತೊಳೆದ ಹಿತ್ತಾಳೆ ಇನ್ನೂ ಒದ್ದೆ ಇರುತ್ತಾ?"

ತ್ರಿವೇಣಿಯ ಕಣ್ಣ ಮುಂದೆ ಆ ಹಿತ್ತಲು ಬಂದು ನಿಂತಿತ್ತು. ಗಡಿಯಾರ ಕಳುವಾಗಿಯೇ ಇರಲಿಲ್ಲ. ಗೋಣಿಚೀಲದಲ್ಲಿ ಸಿಕ್ಕಿದ್ದು ಶಿವಶಂಕರರದೇ ಗಡಿಯಾರ, ಅದಕ್ಕೇ ಅವರು ಅದರ ಕೀ ಹುಡುಕಲಿಲ್ಲ. ಸೂತಕದ ದಿನಗಳಲ್ಲೆಲ್ಲ ಆ ಮನೆಯಲ್ಲೇ ಎಲ್ಲೋ ಅಡಗಿತ್ತು. ಇವತ್ತು ಕೈದಾಟಿಸಬೇಕಾದಾಗ ಅನಿತ ಅದನ್ನು ಸುಮ್ಮನೆ ಸುತ್ತಿ ಕೊಡಬಹುದಿತ್ತು. ಆದರೆ ಮೈಲಿಗೆಯ ಸಾಮಾನು, ತೊಳೆಯುವ ದಿನ, ಮುಂದೆಯೇ ಹುಣಸೆಹಣ್ಣಿನ ಬಟ್ಟಲು. ಅಭ್ಯಾಸದ ಕೈ ತಡೆಯಲಿಲ್ಲ. ದೀಪದ ಜತೆ ಅದನ್ನೂ ತಿಕ್ಕಿ, ಯಾವಾಗಿನಂತೆ ಕೀ ಕೊಟ್ಟು, ಟವೆಲ್ಲು ಮುಚ್ಚಿ ಬಿಸಿಲಿಗಿಟ್ಟಿತು.

ಮಾರುದೂರದಲ್ಲಿ ಕೂತು ತಾನು ಕಾಫಿ ಕುಡಿದೆನಲ್ಲ! ತ್ರಿವೇಣಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು.

ಖುದ್ದೂಸ್ ಕಳ್ಳರಲ್ಲ. ಅದಕ್ಕೆ ಸಾಕ್ಷಿ ಈಗ ಅವಳ ಕೈಯಲ್ಲೇ ಇದೆ. ನಾಳೆ ಕೋರ್ಟಿನಲ್ಲಿ ಈ ಎರಡನ್ನೂ ಅಕ್ಕಪಕ್ಕ ಇಟ್ಟರೆ ಸಾಕು.

ಆದರೆ ಅಲ್ಲಿ ಬೆಳಿಗ್ಗೆ ಒಣಗುತ್ತಿದ್ದದ್ದು ತನಗಿಂತ ಮೊದಲು ಇಲ್ಲಿಗೆ ಹೇಗೆ ಬಂತು? ಆ ಹಿತ್ತಲಿನಿಂದ ನೇರವಾಗಿ ಜೀಪು ಹತ್ತಿದವಳು ತಾನು. ಕೋಲಾರದಲ್ಲಿ ಮಾತ್ರ, ಎಲೆ ಅಡಿಕೆ ತರ್ತೀನಿ ಅಂತ ಮುನೇಶ್ ಇಂಜಿನ್ ಆಫ್ ಮಾಡಿ ಇಳಿದಿದ್ದ. ಆಗ ಹಿಂದಿನ ಸೀಟಿನ ಕಡೆಯಿಂದ ಟಿಕ್ ಟಿಕ್ ಕೇಳಿತ್ತು. ಪೆಟ್ಟಿಗೆಯಲ್ಲಿದ್ದ ಗಡಿಯಾರ, ಎಂದುಕೊಂಡು ಸುಮ್ಮನಾಗಿದ್ದಳು.

ಪೆಟ್ಟಿಗೆಯಲ್ಲಿದ್ದ ಗಡಿಯಾರ ನಿಂತಿತ್ತು. ಶಿವಶಂಕರ್ ಕೀ ಕೊಟ್ಟ ಮೇಲಷ್ಟೇ ಅದು ನಡೆದದ್ದು. ದಾರಿಯಲ್ಲಿ ಕೇಳಿದ್ದು ಇದರದೇ ಸದ್ದು, ತಳದ ಲಿವರ್ ಸರಿಸಿ ಗಂಟೆಯ ಬಾಯಿ ಮುಚ್ಚಿಸಿದ್ದರು, ಅದನ್ನು ಮತ್ತೆ ಬಿಡಿಸಿದ್ದು ಒಳಕೋಣೆಯಲ್ಲಿ ಶಿವಶಂಕರ್.

ಅಲ್ಲಿ ಜೀಪಿಗೆ ನೀರು ಬೇಕು ಎಂದು ಹಿತ್ತಲಿಗೆ ಬಂದವನು ಯಾರು? ಇಲ್ಲಿ ನೀರು ಕುಡಿಯುತ್ತೇನೆ ಎಂದು ಚೀಲ ಹೊತ್ತು ಮನೆ ಹಿಂದಕ್ಕೆ ಹೋದವನು ಯಾರು? ಖುದ್ದೂಸರ ಬೆಂಚಿನಡಿಯಿಂದ ಗೋಣಿಚೀಲ ಎಳೆದ ಕೈ ಯಾರದು?

ಪ್ರಯಾಣಕ್ಕೆಂದೇ ಮಾಡಿದ ಗಡಿಯಾರ ಶ್ರೀನಿವಾಸಪುರದಿಂದ ಮಾಲೂರಿನವರೆಗೆ ಪ್ರಯಾಣ ಮಾಡಿತ್ತು, ಅವಳದೇ ಜೀಪಿನಲ್ಲಿ, ಅವಳ ಬೆನ್ನ ಹಿಂದೆ.

"ಯಾರು ತಂದುಕೊಟ್ಟಿದ್ದು ಹೇಳಿ," ಎಂದಳು ದನಿ ತಗ್ಗಿಸಿ. "ಈಗ ಹೇಳಿದ್ರೆ ನಿಮಗೇ ಒಳ್ಳೇದು."

ಶಿವಶಂಕರ್ ಅವಳ ಮುಖ ನೋಡುತ್ತಿರಲಿಲ್ಲ. ಅವಳ ಹೆಗಲ ಮೇಲಿಂದ ಆಚೆ, ಬಾಗಿಲ ಕಡೆ ನೋಡುತ್ತಿದ್ದರು.

"ಮೇಡಂ."

ಅವಳು ತಿರುಗಿದಳು. ಪರದೆ ಸರಿಸಿ ಮುನೇಶ್ ನಿಂತಿದ್ದ, ಬಾಯಲ್ಲಿ ಎಲೆ ಅಡಿಕೆ.

"ಠಾಣೆಯಿಂದ ಫೋನ್ ಬಂದಿತ್ತು. ಖುದ್ದೂಸ್ ಸಾಹೇಬ್ರು ಒಪ್ಕೊಂಡ್ಬಿಟ್ರಂತೆ. ಗಡಿಯಾರ ಕದ್ದಿದ್ದೂ ನಾನೇ, ಯಜಮಾನ್ರನ್ನ ಮೆಟ್ಟಿಲಿಂದ ತಳ್ಳಿದ್ದೂ ನಾನೇ ಅಂತ. ನಾಳೆ ಜಡ್ಜ್ ಮುಂದೇನೂ ಅದನ್ನೇ ಹೇಳ್ತಾರಂತೆ."

ರಸ್ತೆಯಾಚೆ ಉಳಿ ಸದ್ದು ನಡೆದೇ ಇತ್ತು. ತ್ರಿವೇಣಿ ಗಡಿಯಾರವನ್ನು ಎದೆಗೆ ಒತ್ತಿ ಹಿಡಿದಳು.

"ನಿನ್ನೆ ರಾತ್ರಿವರೆಗೂ ಆ ಮನುಷ್ಯ ನನ್ನ ಬೈತಿದ್ರು. ಇವತ್ತು ಯಾರು ಹೋಗಿದ್ರು ಅವರನ್ನ ಮಾತಾಡ್ಸೋಕೆ?"

"ಯಾರೂ ಇಲ್ಲ ಮೇಡಂ. ಬೆಳಿಗ್ಗೆ ನಾನೇ ಟೀ ಕೊಟ್ಟೆ. ಆಗ ಒಂದೆರಡು ಮಾತಾಡಿದ್ದು ಅಷ್ಟೇ." ಅವನು ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಹೊರಳಿಸಿದ. "ವಯಸ್ಸಿಗೆ ಬಂದ ಮಗಳಿದ್ದಾಳಲ್ಲ ಮೇಡಂ. ಹೆತ್ತ ತಂದೆ ಎಲ್ಲಾನೂ ಯೋಚನೆ ಮಾಡ್ಬೇಕಾಗುತ್ತೆ."

ಹೊಂಗೆ ಮರದಡಿಯ ಖಾಲಿ ಜಾಗ ತ್ರಿವೇಣಿಯ ಕಣ್ಣಿಗೆ ಕಟ್ಟಿತು.

"ಅಲ್ಫಿಯಾ ಎಲ್ಲಿ, ಮುನೇಶ್?"

ಅವನು ಆ ಪ್ರಶ್ನೆ ಕೇಳಿಸಲೇ ಇಲ್ಲವೆಂಬಂತೆ ಹತ್ತಿರ ಬಂದು, ವಿನಯದಿಂದ ಎರಡೂ ಕೈ ಚಾಚಿದ.

"ಕೊಡಿ ಮೇಡಂ, ಭಾರ ಇದೆ. ಜೀಪಲ್ಲಿ ಇಡ್ತೀನಿ," ಎಂದ. "ಬರೋವಾಗ ಎಲ್ಲಿಟ್ಟಿದ್ನೋ, ಅಲ್ಲೇ."